ಗೇರಿಗೆ ಹಚ್ಚಿದ ಕುಂಕುಮ

ಮೊನ್ನೆ ಮೊಳಕಾಲ್ಮೂರಿನ ದಾರಿಯಲ್ಲಿ ನಮ್ಮ ಕಾರು ಊಳಿಟ್ಟಿತು. ಹಾರನ್ ಅಲ್ಲ ಸ್ವಾಮಿ, ಹೊಟ್ಟೆಯೊಳಗಿನಿಂದ! ತಂಗಿ ಮನೆಗೆ ಅಂತ ಹೊಸ ಸೀರೆ ಉಟ್ಟು ಹಿಂದೆ ಕೂತಿದ್ದ ಅವ್ವ, ‘ಇದೇನೋ, ಒಳಗೆ ನರಿ ಹಾಕ್ಕೊಂಡ್ ಬಂದೀಯಾ?’ ಅಂದಳು. ಇನ್ನೆರಡು ಕಿಲೋಮೀಟರಿಗೆ ಕಟಕಟ ಸದ್ದು ಬಂತು. ಗಾಡಿ ನಿಂತಿತು. ಅವ್ವನನ್ನು ಶೇಂಗಾ ಹೊಲದ ಬದುವಿನ ಮೇಲೆ ಕೂರಿಸಿ, ಸಿಕ್ಕ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ, ಅವಳನ್ನೂ ಹತ್ತಿಸಿಕೊಂಡು ನಮ್ಮೂರು ಚಳ್ಳಕೆರೆಗೆ ವಾಪಸ್.

ತಪ್ಪು ಕಾರಿನದಲ್ಲ. ನನ್ನದೇ.

ನಮ್ಮದು ಅಪ್ಪನ ಕಾಲದ ಕಾರು. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿ ಹಾಗೆ ಉಬ್ಬಿಕೊಂಡಿರುತ್ತಲ್ಲ, ಅದು ಡಿಫರೆನ್ಷಿಯಲ್. ಒಳಗೆ ಕ್ರೌನ್ ಅನ್ನೋ ದೊಡ್ಡ ಗೇರು, ಪಿನಿಯನ್ ಅನ್ನೋ ಚಿಕ್ಕ ಗೇರು. ಎರಡರ ಹಲ್ಲೂ ಸವೆದಿದ್ದವು. ಹಿಂದೆ ಎರಡು ಸಲ ಇದನ್ನು ನಮ್ಮ ಮನೆಯಂಗಳದಲ್ಲೇ ಬಿಚ್ಚಿ ಹೊಸದು ಹಾಕಿಕೊಟ್ಟವರು ಮೆಕ್ಯಾನಿಕ್ ಖಾದರ್ ಸಾಬ್ರು. ಎರಡೂ ಸಲ ಪಕ್ಕದಲ್ಲಿ ನಿಂತು ನಟ್ಟು ಬಿಚ್ಚುವ ಪಾನಾ ಕೊಟ್ಟವನು ನಾನು. ಅಷ್ಟು ಸಾಲದೇ? ಯೂಟ್ಯೂಬ್ ಬೇರೆ ಇದೆ!

ಹಾಗಾಗಿ ಈ ಸಲ, ಊರಿಗೆ ಹೊರಡುವ ಮೊದಲು, ಸಾಬ್ರಿಗೆ ಹೇಳಲೇ ಇಲ್ಲ. ಚಕ್ರ ಬಿಚ್ಚಿದೆ, ಆಕ್ಸಲ್ ಎಳೆದೆ, ಎಣ್ಣೆ ಬಸಿದೆ. ಡಿಫರೆನ್ಷಿಯಲ್ ಇಳಿಸುವಾಗ ಅದು ನನ್ನ ಎದೆ ಮೇಲೆಯೇ ಕೂತು ಸ್ವಲ್ಪ ಹೊತ್ತು ವಿಶ್ರಾಂತಿ ತಗೊಂಡಿತು. ಹೊಸ ಗೇರು ಕೂರಿಸಿ, ನಟ್ಟು ಬಿಗಿದು, ಮೇಲೆ ಕುಂಕುಮ ಇಟ್ಟು ಊದುಬತ್ತಿ ಬೆಳಗಿದೆ.

ಕುಂಕುಮ ಯಾಕೆ ಅಂದಿರಾ? ಸಾಬ್ರು ಆ ಎರಡೂ ಸಲ ಅವ್ವನ ಹತ್ತಿರ ಚಿಟಿಕೆ ಕುಂಕುಮ ಇಸ್ಕೊಂಡು, ಶೇಂಗಾ ಎಣ್ಣೆಯಲ್ಲಿ ಕಲಸಿ, ಹೊಸ ಗೇರಿಗೆ ಹಚ್ಚಿದ್ದರು. ತಲೆ ಬಗ್ಗಿಸಿ ಬಹಳ ಹೊತ್ತು ನೋಡುತ್ತಾ ಕೂತಿದ್ದರು. ನಾನು ಚಪ್ಪಲಿ ಬಿಟ್ಟು ಕೈ ಮುಗಿದಿದ್ದೆ! ಇದೇ ಅಂಕಣದಲ್ಲಿ ‘ಸೌಹಾರ್ದ ಅಂದರೆ ಇದು’ ಅಂತ ಬರೆದೂ ಇದ್ದೆ. (ಹಳೇ ಓದುಗರಿಗೆ ನೆನಪಿರಬಹುದು. ದಯವಿಟ್ಟು ಮರೆತುಬಿಡಿ. ಅವ್ವನಂತೂ ನನ್ನ ಅಂಕಣ ಓದುವುದೇ ಇಲ್ಲ.) ಸಾಬ್ರಿಗೆ ಕನ್ನಡ ಓದಲು ಬರದು. ಆದರೂ ಆ ಕಟಿಂಗನ್ನು ಶೆಡ್ಡಿನ ಗೋಡೆಗೆ ಅಂಟಿಸಿಕೊಂಡಿದ್ದರು.

ಗಾಡಿ ಎಳೆದು ತಂದ ಮರುದಿನ ಸಾಬ್ರು ಬಂದು ಬಿಚ್ಚಿದರು. ಪಿನಿಯನ್ನಿನ ಮೂರು ಹಲ್ಲು ಮುರಿದಿದ್ದವು.

‘ಕುಂಕುಮ ಹಚ್ಚಿ ನೋಡ್ಲಿಲ್ವೇನ್ರಿ?’

‘ಹಚ್ಚಿದೆ ಸಾಬ್ರೇ, ಮುಚ್ಚಿದ ಮೇಲೆ. ನಿಮ್ಮ ಹಂಗೇ ಪೂಜೆ ಮಾಡಿದೆ.’

ಅವರು ನನ್ನನ್ನೇ ನೋಡಿದರು. ‘ಪೂಜೆ ಅಲ್ರಿ ಅದು. ಗೇರ್ ತಿರುಗಿಸಿದ್ರೆ ಹಲ್ಲು ಎಲ್ಲಿ ತಾಗ್ತೈತೋ ಅಲ್ಲಿ ಕೆಂಪು ಅಳಿಸ್ತೈತೆ. ನಡುವೆ ಅಳಿಸಿದ್ರೆ ಸರಿಯಾಗಿ ಕೂತೈತೆ ಅಂತ. ಅಂಚಿಗೆ ಬಂದ್ರೆ ಬಿಚ್ಚಿ ಮತ್ತೆ ಕೂರಿಸ್ಬೇಕು.’ ಆಮೇಲೆ ಮೆಲ್ಲಗೆ ಕೇಳಿದರು: ‘ಪೇಪರ್‌ನಾಗೆ ಬರ್ದಿದ್ದು ಈ ಪೂಜೆ ಅಂತಾನಾ? ನನ್ನ ಕೆಲ್ಸದ ಬಗ್ಗೆ ಅಂದ್ಕೊಂಡಿದ್ನಲ್ಲ.’

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಹೊಗಳುವ ಭರದಲ್ಲಿ ಆ ಮನುಷ್ಯನ ವಿದ್ಯೆಯನ್ನೇ ನಾನು ನೋಡಿರಲಿಲ್ಲ. ಅವರ ಜಾತಿಯೊಂದೇ ಕಂಡಿತ್ತು.

ಸಾಬ್ರು ಬೇರೆ ಗೇರು ತರಿಸಿ, ಅಚ್ಚುಕಟ್ಟಾಗಿ ಕೂರಿಸಿಕೊಟ್ಟರು. ನಮ್ಮ ಮನೆಯಲ್ಲಿ ಉಣ್ಣದೆ ಹೋದವರೇ ಅಲ್ಲ. ಅವ್ವ ರೊಟ್ಟಿ ತಟ್ಟಿದ್ದರೂ ‘ಇವತ್ತು ಬ್ಯಾಡಮ್ಮ’ ಅಂದರು. ‘ಇನ್ಮುಂದೆ ಗಾಡಿ ಶೆಡ್ಡಿಗೇ ತಗಂಡ್ ಬನ್ರಿ’ ಅಂತ ನನಗೆ ಹೇಳಿ ಹೊರಟರು.

ಅವರು ಹೋದ ಮೇಲೆ ನಡೆದದ್ದೆಲ್ಲ ಅವ್ವನಿಗೆ ಹೇಳಿ ಗೊಣಗಿದೆ: ‘ಮೊದಲೇ ಒಂದು ಮಾತು ಹೇಳಬಾರದಿತ್ತಾ ಸಾಬ್ರು?’

‘ನಂಗೆ ಮೊದಲ್ನೇ ಸಲಾನೇ ಹೇಳಿದ್ರಪ್ಪ, ಯಾಕೆ ಅಂತ ಕೇಳಿದ್ದೆ. ನೀನು ಯಾವತ್ತಾರ ಕೇಳಿದ್ಯಾ?’