ಕಾಕಾ ಮುಟ್ಟದೆ ಬಿಟ್ಟ ಮೆಮೊರಿ ಕಾರ್ಡ್

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಸೋಲ್ಡರಿಂಗ್ ಐರನ್ ಹಿಡಿದು, ಸುಟ್ಟು, ಸಿಪ್ಪೆ ಎದ್ದು, ಮತ್ತೆ ಸುಟ್ಟು ಆ ಬೆರಳಿನ ತುದಿ ಹುಣಸೆ ಬೀಜದಷ್ಟು ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರಕ್ಕೆ ಅವರ ಗುರುತೇ ಸಿಗುತ್ತಿರಲಿಲ್ಲ. "ಊರೋರ ಫೋನೆಲ್ಲಾ ಬಿಚ್ತೀನಿ, ನನ್ನ ಬೆರಳಿಗೆ ನನ್ನ ಫೋನೇ ತೆರೆಯಲ್ಲ ಮಾರಾಯ" ಎಂದು ನಗುತ್ತಿದ್ದರು. ಕಳಸದ ಬಸ್ ನಿಲ್ದಾಣದ ಹತ್ತಿರ ಅವರದೊಂದು ಮೊಬೈಲ್ ರಿಪೇರಿ ಅಂಗಡಿ. ಊರಿಗೆಲ್ಲ ಅವರು ಕಾಕಾ, ನನಗೂ ಕಾಕಾ. ಗಿರಾಕಿ ಫೋನಿನ ಲಾಕ್ ನಂಬರ್ ಹೇಳಲು ಬಾಯಿ ತೆರೆದರೆ ಸಾಕು, "ಹೇಳ್ಬೇಡಿ, ನೀವೇ ಒತ್ತಿ" ಎಂದು ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದರು.

ಇಂಥ ಮನುಷ್ಯನ ಮೇಲೆ ನಾನು ಅಂಗಡಿಯ ಮುಂದೆ ನಿಂತು ಕೂಗಾಡಿದ್ದೇನೆ. ಯಾಕೆಂದು ಹೇಳಬೇಕಾದರೆ ಮೊದಲು ನಮ್ಮ ಕಡೆಯ ಒಂದು ಹೊಲಸು ಪದ್ಧತಿಯನ್ನು ಹೇಳಬೇಕು. ಎಸ್ಟೇಟ್ ಸಾಹುಕಾರರ ಮನೆಯವರು ಗಾಡಿ ಓಡಿಸಿ ಯಾರಿಗಾದರೂ ಗುದ್ದಿದರೆ, ಸ್ಟೇಷನ್ನಿಗೆ ಹೋಗಿ ನಿಲ್ಲುವವನು ಡ್ರೈವರ್. ಅದಕ್ಕೆ ಕೇಸು ಹೊರುವುದು ಎನ್ನುತ್ತಾರೆ, ಕಾಫಿ ಚೀಲ ಹೊತ್ತಂತೆ. ಅದರಲ್ಲಿ ತಪ್ಪೇನಿದೆ ಎಂದು ಯಾರೂ ಕೇಳುವುದಿಲ್ಲ. ಹೊತ್ತವನನ್ನು ನಿಯತ್ತಿನವನು ಎಂದು ಹೊಗಳುತ್ತಾರೆ.

ನನ್ನ ತಮ್ಮ ಅಂಥ ಒಬ್ಬ ಡ್ರೈವರ್. ಹೊರನಾಡಿನ ದಾರಿಯಲ್ಲಿ ಸಾಹುಕಾರರ ಮಗ ಜೀಪು ಓಡಿಸಿ, ಕೊಯ್ಲಿಗೆ ಬಂದಿದ್ದ ಒಬ್ಬ ಹೆಂಗಸನ್ನು ಕೊಂದ. ಆ ಹೊತ್ತಿಗೆ ತಮ್ಮ ಎಸ್ಟೇಟಿನ ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ ಒಣಗಲು ಹರವುತ್ತಿದ್ದ. ಸಾಹುಕಾರರು ಫೋನ್ ಮಾಡಿದರು. ತಮ್ಮ ಹೋಗಿ, ಓಡಿಸಿದ್ದು ನಾನೇ ಎಂದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅವನ ಫೋನಿನಲ್ಲಿದ್ದ ರೆಕಾರ್ಡಿಂಗನ್ನೆಲ್ಲ ಅವನ ಕೈಯಿಂದಲೇ ಅಳಿಸಿಸಿದ. ವಾರ ಕಳೆಯುವುದರೊಳಗೆ ಸಾಹುಕಾರರು ಪೊಲೀಸರ ಮುಂದೆ, "ಕುಡಿದಿದ್ದ, ಬೇಡ ಅಂದ್ರೂ ಜೀಪು ತಗೊಂಡು ಹೋದ" ಎಂದು ಹೇಳಿಕೆ ಕೊಟ್ಟರು. ಒಂದು ಹನಿಯೂ ಕುಡಿಯದ ನನ್ನ ತಮ್ಮ ಜೈಲು ಸೇರಿದ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ತಮ್ಮನ ಹಳೆಯ ಫೋನಿನಲ್ಲಿ ಬಂದ ಕರೆಯೆಲ್ಲ ತಾನಾಗಿಯೇ ರೆಕಾರ್ಡ್ ಆಗಿ ಮೆಮೊರಿ ಕಾರ್ಡಿಗೆ ಹೋಗುತ್ತಿತ್ತು. ಪೊಲೀಸರು ಆ ಫೋನನ್ನು ಕೇಳಲೂ ಇಲ್ಲ. ಅವನಿಗೆ ಜಾಮೀನು ಸಿಕ್ಕ ಮೇಲೆ ನಾನು ಅದನ್ನು ಕಾಕಾನ ಹತ್ತಿರ ತಂದೆ. ವಿಷಯ ಕೇಳಿದವರೇ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, ಆಫ್ ಮಾಡಿ, ಕಾರ್ಡ್ ಹೊರಗೆ ತೆಗೆದರು.

"ಅಳಿಸಿದ ಮೇಲೆ ಎಷ್ಟು ಕಾಲ್ ಬಂತು?"

"ಅವನು ಜೈಲಿಗೆ ಹೋಗೋವರೆಗೂ, ಬಂದ ಮೇಲೂ ಅಮ್ಮ ದಿನಾ ಮಾಡ್ತಾಳೆ, ಊಟ ಆಯ್ತಾ ಅಂತ."

ಕಾಕಾ ತಲೆ ಚಚ್ಚಿಕೊಂಡರು. "ಹಾಜರಿ ಚೆಕ್‌ರೋಲಿಂದ ಹೆಸರು ಹೊಡೆದ ತಕ್ಷಣ ಆಳು ಎಸ್ಟೇಟ್ ಕೊಟ್ಟ ಲೈನ್‌ಮನೆ ಬಿಡ್ತಾನಾ ತಂಗಿ? ಅಲ್ಲೇ ಇರ್ತಾನೆ. ಆ ಮನೇನ ಹೊಸ ಆಳಿಗೆ ಕೊಟ್ರೆ ಆಗ ಹೊರಗೆ ಬೀಳ್ತಾನೆ. ಡಿಲೀಟ್ ಅಂದ್ರೂ ಅಷ್ಟೇ. ಬರೀ ಹೆಸರು ಹೋಗಿದೆ. ನಿಮ್ಮಮ್ಮ ಊಟ ಆಯ್ತಾ ಅಂದಾಗೆಲ್ಲ ಒಬ್ಬೊಬ್ಬ ಹೊಸ ಆಳು ಬಂದು ಸೇರ್ಕೊಂಡಂಗೆ."

"ಹಂಗಾದ್ರೆ ಈಗಲೇ ತೆಗೀರಿ ಕಾಕಾ. ಸಾವ್ಕಾರ್ರ ಕಾಲ್ ಒಂದೇ ಸಾಕು. ಬೇರೇದೆಲ್ಲಾ ಬೇಡ."

"ನಾನು ಮುಟ್ಟಲ್ಲ."

ಮದುವೆ ಫೋಟೋ ಅಳಿಸಿಕೊಂಡು ಬಂದವರಿಗೆಲ್ಲ ಅರ್ಧ ಗಂಟೆಯಲ್ಲಿ ವಾಪಸ್ ತೆಗೆದುಕೊಡುತ್ತಿದ್ದವರು! ನಾನು ಬಾಯಿಗೆ ಬಂದಂತೆ ಬೈದೆ. ಸಾಹುಕಾರರಿಗೆ ಹೆದರಿದಿರಿ ಎಂದೆ. ಅವರು, "ನಾನು ತೆಗೆದ್ರೆ ಅದು ರಿಪೇರಿ ಆಗುತ್ತೆ, ಸಾಕ್ಷಿ ಆಗಲ್ಲ. ನಾನೇ ಏನೋ ತುಂಬಿಸಿದೆ ಅಂತಾರೆ. ಲ್ಯಾಬಲ್ಲಿ ಮೊದ್ಲು ಕಾರ್ಡಿನ ಪೂರ್ತಿ ನಕಲು ತೆಗೀತಾರೆ, ಹುಡುಕೋದೆಲ್ಲ ನಕಲಲ್ಲಿ. ಅಸಲು ಹೇಗಿತ್ತೋ ಹಾಗೇ ಇರುತ್ತೆ. ಆದ್ರೆ ಒಂದು ತಂಗಿ, ಅಲ್ಲಿ ಬಂದ್ರೆ ಎಲ್ಲಾ ಬರುತ್ತೆ. ಆರಿಸಿಕೊಳ್ಳೋಕಾಗಲ್ಲ" ಎಂದರು.

ಆಮೇಲೆ ಕಾರ್ಡನ್ನು ಕಾಗದದ ಕವರಿಗೆ ಹಾಕಿ, ಅಂಟಿಸಿ, ತಾರೀಕು, ಹೊತ್ತು, ಕಾರ್ಡಿನ ನಂಬರ್ ಬರೆದರು. ಪಕ್ಕದ ಮೆಡಿಕಲ್ ಶಾಪಿನವರನ್ನು ಕರೆದು ಅಂಟಿನ ಮೇಲೆ ಸಹಿ ಹಾಕಿಸಿದರು. ಪೆನ್ನು ನನ್ನ ಕಡೆ ನೀಡಿದರು. ನಾನು ಅದನ್ನು ಹಿಡಿದು ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಕೊನೆಗೆ ಸಹಿ ಹಾಕಿದೆ.

ವಕೀಲರು ಆ ಕವರನ್ನು ಕೋರ್ಟಿಗೆ ಕೊಟ್ಟರು. ಕೋರ್ಟು ಲ್ಯಾಬಿಗೆ ಕಳಿಸಿತು. ಸುದ್ದಿ ಹರಡಿದ್ದೇ ತಡ, ಎಸ್ಟೇಟಿನವರು ಕಾಕಾನ ಅಂಗಡಿಯ ಕಡೆ ತಲೆ ಹಾಕುವುದನ್ನು ಬಿಟ್ಟರು. ದೀಪಾವಳಿಗೆ ಕಾಕಾನ ಮನೆಗೆ ಹೋಳಿಗೆ ಕಳಿಸುತ್ತಿದ್ದವರು ಎದುರಾದರೆ ರಸ್ತೆ ದಾಟಿ ಹೋಗತೊಡಗಿದರು. ನಾಚಿಕೆಯಿಲ್ಲದ ಜನ! ಸಾಕ್ಷಿ ಹೇಳಲು ಕಾಕಾ ಕಟಕಟೆ ಹತ್ತಿದ ದಿನ ಎದುರು ವಕೀಲರು, "ಎಷ್ಟನೇ ಕ್ಲಾಸ್ ಓದಿದ್ದೀರಿ?" ಎಂದು ಕೇಳಿದರು.

"ಏಳು, ಸ್ವಾಮಿ."

"ಏಳನೇ ಕ್ಲಾಸಿಗೆ ಫೊರೆನ್ಸಿಕ್ ಬರುತ್ತೇನ್ರೀ?"

"ಬರಲ್ಲ ಸ್ವಾಮಿ. ಅದಕ್ಕೇ ನಾನು ಮುಟ್ಟಲಿಲ್ಲ."

ನ್ಯಾಯಾಧೀಶರು ಕನ್ನಡಕ ತೆಗೆದು ಅವರನ್ನು ನೋಡಿದರು.

ಲ್ಯಾಬಿನಿಂದ ಬಂದ ರೆಕಾರ್ಡಿಂಗುಗಳನ್ನು ಇನ್ನೊಂದು ವಾಯಿದೆಯ ದಿನ ಕೋರ್ಟಿನಲ್ಲಿ ಹಾಕಿ ಕೇಳಿಸಿದರು. ಕೆಲವು ಅರ್ಧಕ್ಕೆ ಕಡಿದಿದ್ದವು, ಅಮ್ಮನ ಕರೆಗಳು ಅವುಗಳ ಜಾಗ ತಿಂದಿದ್ದವು. ಸಾಹುಕಾರರದು ಮಾತ್ರ ಪೂರ್ತಿ ಇತ್ತು. "ಮಗ ಹೆದರಿದಾನೆ ಕಣೋ, ಗಾಡೀಲಿ ನೀನೇ ಇದ್ದೆ ಅನ್ನು." ಆಮೇಲಿನ ಕರೆಯಲ್ಲಿ ಒಂದು ಹೆಣ್ಣು ದನಿ: "ಸಾವ್ಕಾರ್ರು ಹೇಳ್ದಂಗೆ ಕೇಳೋ. ನಮ್ಮ ಮನೆ ಅವರ ಜಾಗದಲ್ಲಿದೆ. ಸತ್ತೋಳೇನು ಎದ್ದು ಬರ್ತಾಳಾ?"

ಆ ದನಿ ನನ್ನದು. ತಮ್ಮನ ತಲೆಯ ಮೇಲೆ ಚೀಲ ಹೊರಿಸಿದವಳು ನಾನು. ಅವತ್ತು ಒಂದೇ ಕಾಲ್ ಸಾಕು ಎಂದು ಕೂಗಾಡಿದ್ದೂ ಅದಕ್ಕೇ. ಸತ್ತ ಹೆಂಗಸಿನ ಗಂಡ ಎರಡು ಬೆಂಚಿನ ಆಚೆ ಕೂತಿದ್ದ. ತಿರುಗಿ ನನ್ನನ್ನು ನೋಡಿದ. ಸಾಹುಕಾರರ ಮೇಲೆ ಇಷ್ಟು ದಿನ ಕುದಿದ ಸಿಟ್ಟಿನಲ್ಲಿ ನನಗೇ ಸಲ್ಲಬೇಕಾದ ಪಾಲೂ ಇತ್ತೆಂದು ಆ ನೋಟಕ್ಕೆ ಸಿಕ್ಕಿದಾಗ ತಿಳಿಯಿತು.

ಹೊರಗೆ ಬಂದಾಗ ಕಾಕಾ ಮರದ ಕೆಳಗೆ ಕಾಯುತ್ತಿದ್ದರು. ತಲೆ ಎತ್ತಲಾಗದೆ ಕೇಳಿದೆ, "ನಿಮಗೆ ಗೊತ್ತಿತ್ತಾ ಕಾಕಾ?"

"ಏನಿದೆ ಅಂತ ಗೊತ್ತಿರಲಿಲ್ಲ. ಏನೋ ಇದೆ ಅಂತ ಗೊತ್ತಿತ್ತು. ಒಂದೇ ಸಾಕು ಅಂದ್ರಲ್ಲ, ಆಗಲೇ." ನಿಲ್ದಾಣದ ಕಡೆ ಹೆಜ್ಜೆ ಹಾಕುತ್ತ ಹೇಳಿದರು: "ಆದ್ರೂ ಕವರ್ ಮೇಲೆ ಸೈನ್ ಹಾಕಿದ್ರಲ್ಲ ತಂಗಿ. ಬನ್ನಿ, ಬಸ್ ಹೊರಡುತ್ತೆ."

ತಮ್ಮ ಕೇಸಿನಿಂದ ಹೊರಬಂದ. ಈಗ ಬಾಡಿಗೆ ಜೀಪು ಓಡಿಸುತ್ತಾನೆ. ಸಾಹುಕಾರರ ಜಾಗದಲ್ಲಿದ್ದ ಆ ಮನೆ ಈಗ ನಮ್ಮದಲ್ಲ. ಸಾಹುಕಾರರ ಮಗನ ಮೇಲಿನ ಕೇಸಿಗೆ ವಾಯಿದೆ ಮೇಲೆ ವಾಯಿದೆ. ಅವನು ಅದೇ ದಾರಿಯಲ್ಲಿ ಹೊಸ ಜೀಪು ಓಡಿಸಿಕೊಂಡು ಹಾರ್ನ್ ಹೊಡೆಯುತ್ತ ಹೋಗುತ್ತಾನೆ. ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು, ತೀರ್ಪು ಕೇಳದೆಯೇ.

ವಾಯಿದೆ ಇದ್ದ ದಿನವೆಲ್ಲ ನಾನು ಹೋಗುತ್ತೇನೆ. ಸತ್ತವಳ ಗಂಡ ಕೂರುವ ಬೆಂಚಿನಲ್ಲೇ ಕೂರುತ್ತೇನೆ. ಮೊದಲೆಲ್ಲ ಅವನು ಎದ್ದು ಬೇರೆ ಕಡೆ ಹೋಗುತ್ತಿದ್ದ. ಈಗ ಏಳುವುದಿಲ್ಲ, ಮಾತೂ ಆಡುವುದಿಲ್ಲ. ಅವನು ಆಡಬೇಕಾಗಿಯೂ ಇಲ್ಲ. ಸಾಕ್ಷಿಗೆಂದು ನನ್ನ ಹೆಸರು ಕೂಗಿದರೆ ಎದ್ದು ನಿಂತು, ಆ ದನಿ ನನ್ನದೇ ಎಂದು ನಾನು ಹೇಳಬೇಕು.