ಗಾದ್ರಪ್ಪ ಬಿಟ್ಟ ಹೆಸರು

ಗಾದ್ರಪ್ಪ ಹೆಳವರವನು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಊರೂರಿಗೆ ಹೋಗುವುದು, ತನ್ನ ಹಕ್ಕಿನ ಮನೆಗಳ ಮುಂದೆ ನಿಂತು ಆ ಮನೆತನದವರನ್ನು ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ರಾಗವಾಗಿ ಹೇಳುವುದು ಅವನ ಕುಲಕಸುಬು. ಹೊನ್ನಾಳಿಯಿಂದ ಜಗಳೂರು ಸೀಮೆಯವರೆಗೆ ಅವನ ಮನೆಗಳಿದ್ದವು. ಅಜ್ಜನ ಅಜ್ಜ ಯಾರು, ಯಾವ ಊರು ಬಿಟ್ಟು ಬಂದ ಎನ್ನುವುದು ಆ ಮನೆಯವರಿಗೆ ಗೊತ್ತಿದ್ದದ್ದೇ ಅವನ ಬಾಯಿಂದ. ಹೆಣ್ಣು ಕೊಟ್ಟು ತರುವಾಗ ಬೆಡಗಿನ, ಅಂದರೆ ಕುಲದ ಒಳಪಂಗಡದ, ಅನುಮಾನ ಬಂದರೆ, "ಹೆಳವ ಬರ್ಲಿ, ಕೇಳಾಣ" ಎಂದು ಕಾಯುತ್ತಿದ್ದರು.

ಬಸವಾಪಟ್ಟಣದ ಅಡಿಕೆ ವ್ಯಾಪಾರಿ ಮುರುಗೇಶಪ್ಪನದೂ ಅಂಥದೊಂದು ಮನೆ. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಮುರುಗೇಶಪ್ಪ ತಾಲ್ಲೂಕು ಬೋರ್ಡಿನ ಚುನಾವಣೆಗೆ ನಿಂತಾಗ ಗಾದ್ರಪ್ಪನನ್ನು ಹೇಳಿ ಕಳಿಸಿ ಕರೆಸಿದ.

"ಊರ ಹಿರೇರ್ನೆಲ್ಲ ಊಟಕ್ಕೆ ಕರ್ದೀನಿ. ಅವರ ಮುಂದೆ ನಮ್ಮ ವಂಶ ಹಾಡ್ಬೇಕು. ನಮ್ಮ ಮೂಲಪುರುಷ ಇಲ್ಲಿನ ಕೋಟೆ ಕಾಯ್ತಿದ್ದ ಅಂತ ಸೇರ್ಸು."

"ಅವರು ನ್ಯಾಮತಿ ಕಡಿಂದ ಉಪ್ಪಿನ ಹೇರು ಹೊತ್ಕೊಂಡು ಬಂದೋರು, ಸಾವ್ಕಾರ್ರೆ."

"ಉಪ್ಪು ಹೊತ್ತೋನಿಗೆ ಯಾರು ಓಟು ಹಾಕ್ತಾರೆ? ಇನ್ನೊಂದು. ಶಂಕ್ರಿ ಹೆಸ್ರು ಬರಬಾರ್ದು."

ಶಂಕ್ರಮ್ಮ ಮುರುಗೇಶಪ್ಪನ ತಂಗಿ. ಆರು ವರ್ಷದ ಹಿಂದೆ ಜಗಳೂರಿನ ಕಡೆಯ ದಲಿತರ ಮೇಷ್ಟ್ರು ಚಿಕ್ಕಹನುಮಂತಪ್ಪನನ್ನು ಮದುವೆಯಾಗಿ ಹೋಗಿದ್ದಳು. ಅವಳು ಹುಟ್ಟಿದ ವರ್ಷ ಇದೇ ಪಡಸಾಲೆಯಲ್ಲಿ ಅವಳ ಹೆಸರನ್ನು ಹಾಡಿಗೆ ಕೂಡಿಸಿದವನು ಗಾದ್ರಪ್ಪ. ಅವಳ ತಾಯಿ ಕಸ್ತೂರಮ್ಮ ಆವತ್ತು ಕೂಸನ್ನು ತಂದು ಅವನ ತೊಡೆಯ ಮೇಲೆ ಹಾಕಿದ್ದಳು.

ಕೋಟೆ ಸೇರಿಸುವುದು ಅವನಿಗೆ ದೊಡ್ಡ ತಪ್ಪೆನಿಸಲಿಲ್ಲ. ಅವನ ಅಪ್ಪನೂ ಹಾಡಿನಲ್ಲಿ ಅಲ್ಲಿ ಇಲ್ಲಿ ಒಂದೊಂದು ಕೋಟೆ ಕಟ್ಟಿದವನೇ. ಆದರೆ ಇದ್ದವರನ್ನು ಇಲ್ಲ ಎಂದವನಲ್ಲ ಎಂದೇ ಗಾದ್ರಪ್ಪ ನಂಬಿದ್ದ. ಹಿತ್ತಿಲಲ್ಲಿ ಒಂದು ಹೋರಿಗರು ಕಟ್ಟಿತ್ತು. ಅದು ನಿನಗೇ ಅಂದ ಮುರುಗೇಶಪ್ಪ. ಗಾದ್ರಪ್ಪನ ಎತ್ತಿಗೆ ವಯಸ್ಸಾಗಿತ್ತು.

ಅವತ್ತು ಅವನು ಮುರುಗೇಶಪ್ಪನ ಅಪ್ಪನ ಹೆಸರಿಗೆ ಬಂದಾಗ "ಕಲ್ಲೇಶಪ್ಪನಿಗೆ ಒಬ್ಬನೇ ಕುಲದೀಪ ಮುರುಗೇಶಪ್ಪ" ಎಂದು ಹಾಡಿದ. ರಾಗಕ್ಕೆ ಚೆನ್ನಾಗಿಯೇ ಕೂತಿತು. ಹಿರಿಯರು ತಲೆದೂಗಿದರು. ಒಳಗೆ ಕಸ್ತೂರಮ್ಮನ ಕೈಬಳೆಯ ಸದ್ದು ನಿಂತುಹೋದದ್ದು ಅವನಿಗೆ ಮಾತ್ರ ಕೇಳಿಸಿತು.

ಮುರುಗೇಶಪ್ಪ ಗೆದ್ದ. ಆಮೇಲೂ ಸುಗ್ಗಿಗೆ ಸುಗ್ಗಿಗೆ ಗಾದ್ರಪ್ಪ ಆ ಮನೆಯಲ್ಲಿ ಹಾಗೆಯೇ ಹಾಡಿದ. ಎರಡು ವರ್ಷದ ಮೇಲೆ ಅವನು ಜಗಳೂರು ಕಡೆಯ ಸೊಕ್ಕೆ ಎಂಬ ಊರಿಗೆ ಹೋಗಿದ್ದಾಗ ಹಿಂದಿನಿಂದ ಯಾರೋ ಕೂಗಿದರು.

"ಗಾದ್ರಜ್ಜಾ! ಗುರ್ತು ಸಿಗ್ಲಿಲ್ವಾ? ನಾನು ಶಂಕ್ರಿ."

ಕೈ ಹಿಡಿದು ತನ್ನ ಮನೆಗೆ ಕರೆದುಕೊಂಡೇ ಹೋದಳು. ಆ ದಲಿತರ ಕೇರಿಯೊಳಗೆ ಅವನು ಎಂದೂ ಕಾಲಿಟ್ಟಿರಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಚಿಕ್ಕಹನುಮಂತಪ್ಪ ಸ್ಕೂಲಿಗೆ ಹೋಗಿದ್ದ. ಅವನ ತಾಯಿ ಓಬವ್ವ ಕಂಬಳಿ ಹಾಸಿದಳು.

"ನಮ್ಮ ಕೇರಿಗೆ ಹೆಳವರು ಬಂದಿದ್ದೇ ಇಲ್ಲಪ್ಪ. ನಮ್ಮ ಸೊಸಿ ಮನೆತನ ಹಾಡು, ನಾನೂ ಕೇಳ್ತೀನಿ" ಅಂದಳು.

ಇಲ್ಲಾದರೂ ಇದ್ದದ್ದನ್ನು ಇದ್ದಹಾಗೇ ಹಾಡಬೇಕೆಂದು ಗಾದ್ರಪ್ಪ ಗಟ್ಟಿ ಮಾಡಿಕೊಂಡ. ಕೋಟೆ ಬಿಟ್ಟು ಉಪ್ಪಿನ ಹೇರನ್ನೇ ಹಾಡಿದ. ಹಿಂದಿನ ಹೆಣ್ಣುಮಕ್ಕಳನ್ನೆಲ್ಲ ಹಾಡಿದ. ಶಂಕ್ರಮ್ಮನ ಸೋದರತ್ತೆ ರುದ್ರಾಣಿಯನ್ನು, ಕೊಟ್ಟ ಊರಿನ ಸಮೇತ ಹಾಡಿದ. ಕಲ್ಲೇಶಪ್ಪನ ಹೆಸರು ಬಂದದ್ದೇ ತಡ, ಎರಡು ವರ್ಷದಿಂದ ಪಳಗಿದ ನಾಲಿಗೆ ತಾನಾಗಿ ಹರಿದುಬಿಟ್ಟಿತು: "ಒಬ್ಬನೇ ಕುಲದೀಪ ಮುರುಗೇಶಪ್ಪ."

ಹಾಡು ಅಲ್ಲಿಗೇ ನಿಂತಿತು.

"ನಮ್ಮ ಸೊಸಿ ಹೆಸ್ರೆಲ್ಲಿ ಬಂತು?" ಎಂದಳು ಓಬವ್ವ.

ಶಂಕ್ರಮ್ಮ ಅವನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಗಿತ್ತು.

"ನಮ್ಮ ಕಡೆ ಹೆಣ್ಮಕ್ಳ ಹೆಸ್ರು ಹಾಡಲ್ಲ, ಅತ್ತೆ" ಅಂದಳು.

ರುದ್ರಾಣಿಯ ಹೆಸರನ್ನು ಓಬವ್ವ ಈಗಷ್ಟೇ ಕೇಳಿದ್ದಳು. ಆದರೂ ಎದ್ದು ಒಳಗೆ ಹೋಗಿ ಮೊರದ ತುಂಬ ಜೋಳ ತಂದಳು. ಬೇಡವೆಂದರೆ ಕೀಳುಕೇರಿಯ ಕಾಳೆಂದು ಬಿಟ್ಟ ಅಂದುಕೊಳ್ಳುತ್ತಾರೆ. ತಗೊಳ್ಳಲು ಕೈ ಬರುವುದಿಲ್ಲ. ಗಾದ್ರಪ್ಪ ಜೋಳಿಗೆ ಒಡ್ಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಆ ಹುಡುಗಿ ತನ್ನ ಹೆಸರನ್ನು ತಾನೇ ಬಿಟ್ಟುಕೊಟ್ಟು ಅವನ ಮಾನ ಕಾಯ್ದಿದ್ದಳು.

ಮುಂದಿನ ಸುಗ್ಗಿಗೆ ಅವನು ನೇರ ಬಸವಾಪಟ್ಟಣಕ್ಕೆ ಹೋದ. ಮುರುಗೇಶಪ್ಪನ ಮಗಳನ್ನು ನೋಡಲು ಬೀಗರಾಗುವವರು ಬಂದು ಕೂತಿದ್ದರು. ಯಾರೂ ಕೇಳದೆಯೇ ಗಾದ್ರಪ್ಪ ಹಾಡು ಎತ್ತಿದ. ಕಲ್ಲೇಶಪ್ಪನಲ್ಲಿಗೆ ಬಂದಾಗ ಕಣ್ಣು ಮುಚ್ಚಿ, "ಮುರುಗೇಶಪ್ಪನ ಬೆನ್ನಿಗೆ ಹುಟ್ಟಿದವಳು ಶಂಕ್ರಮ್ಮ, ಜಗಳೂರು ಸೀಮೆ ಸೊಕ್ಕೆಯ ಸೊಸೆ" ಅಂದ.

ಅಡುಗೆಮನೆಯ ಬಾಗಿಲಿಗೆ ಕಸ್ತೂರಮ್ಮ ಬಂದು ನಿಂತಳು.

"ನಿಮಗೆ ತಂಗಿ ಇದ್ದಾರೇನ್ರಿ?" ಎಂದರು ಬಂದವರು.

ಮುರುಗೇಶಪ್ಪ ನಕ್ಕುಬಿಟ್ಟ. "ಎಲ್ಲೀದು? ಇವನ ಹಾಡನ್ನೇ ಅಚ್ಚು ಹಾಕ್ಸಿ ಊರಿಗೆಲ್ಲ ಹಂಚೀನಿ, ಅದ್ರಾಗೆ ಎಲ್ಲೈತೆ ಈ ಹೆಸ್ರು? ಮುದುಕಗೆ ಮರೆವು ಬಂದೈತೆ. ಯಾರ ಮನಿ ಹೆಸ್ರೋ ತಂದು ಇಲ್ಲಿ ಸೇರಿಸ್ತಾನೆ. ಹೌದಲ್ಲೇನೋ, ಗಾದ್ರಪ್ಪ?"

ಎಲ್ಲರೂ ಅವನ ಕಡೆ ತಿರುಗಿದರು. ಒಂದು ಮಾತು ಸಾಕಾಗಿತ್ತು. ಕಸ್ತೂರಮ್ಮ ಆ ಮಾತಿಗೇ ಕಾಯುತ್ತಿದ್ದಳು.

"ಹೌದ್ರಿ" ಅಂದ ಗಾದ್ರಪ್ಪ. "ವಯಸ್ಸಾತು."

ಕಸ್ತೂರಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಆಮೇಲೆ ಅವನು ಬಸವಾಪಟ್ಟಣದ ದಾರಿ ಹಿಡಿಯಲಿಲ್ಲ. ಸೊಕ್ಕೆಗೂ ಹೋಗಲಿಲ್ಲ. ಬೇರೆ ಮನೆಗಳಲ್ಲಿ ಹಾಡುವಾಗಲೂ ನಡುವೆ ತಡೆದು ನಿಲ್ಲತೊಡಗಿದ. ಕೇಳುವವರು, ಪಾಪ, ಮುದುಕನಿಗೆ ಮರೆವು ಎನ್ನುತ್ತಿದ್ದರು. ಅವನಿಗೆ ಒಂದು ಹೆಸರೂ ಮರೆತಿರಲಿಲ್ಲ. ಈ ಮನೆಯಲ್ಲಿ ಅಪ್ಪ ಯಾರನ್ನು ಬಿಟ್ಟಿರಬಹುದು, ಅಪ್ಪನ ಅಪ್ಪ ಯಾರನ್ನು ಬಿಟ್ಟಿರಬಹುದು ಎಂದು ಯೋಚಿಸುತ್ತಾ ನಿಂತುಬಿಡುತ್ತಿದ್ದ.