ಹನಿ ಸಾಹೇಬರ ಮನೆಯ ನಲ್ಲಿ

ನಮ್ಮ ಭಾವನನ್ನು, ಅಂದರೆ ಅಕ್ಕನ ಗಂಡನನ್ನು, ಊರೆಲ್ಲ ಹನಿ ಸಾಹೇಬರು ಅಂತಲೇ ಕರೆಯುತ್ತದೆ. ನೀರು ಸರಬರಾಜು ಕಚೇರಿಯಲ್ಲಿ ಎಂಜಿನಿಯರು. ಯಾರ ಮನೆಗೆ ಹೋದರೂ ನಲ್ಲಿ ತೊಟ್ಟಿಕ್ಕುವ ಸದ್ದು ಕಿವಿಗೆ ಬಿದ್ದರೆ ಮುಗಿಯಿತು, ಕೂತಲ್ಲಿ ಕೂರಲಾರರು. ಜೇಬಿನಲ್ಲಿ ಸದಾ ಒಂದು ವಾಷರ್ ಇಟ್ಟುಕೊಂಡೇ ತಿರುಗುತ್ತಾರೆ. ಮದುವೆಯ ಮಾತಾಡಲು ನಮ್ಮ ಮನೆಗೆ ಬಂದ ದಿನವೇ ಬಚ್ಚಲಿನ ನಲ್ಲಿ ರಿಪೇರಿ ಮಾಡಿ ಹೋದವರು. "ಭಾವ, ನೀವು ಅಕ್ಕನ್ನ ನೋಡಿದ್ರೋ ಇಲ್ವೋ, ನಲ್ಲಿನಂತೂ ಕಣ್ತುಂಬ ನೋಡಿದ್ರಿ" ಅಂತ ನಾನು ಆಗಾಗ ರೇಗಿಸುತ್ತಿದ್ದೆ.

ಅಂಥವರ ಬೀದಿಗೇ ನೀರಿರಲಿಲ್ಲ. ನಾನೂ ಅಕ್ಕ ಭಾವನ ಜೊತೆ ಅಲ್ಲೇ ಇರುವುದು. ಬೀದಿ ಎತ್ತರದಲ್ಲಿದೆ, ಪೈಪು ತಾತನ ಕಾಲದ್ದು. ಎಂದೋ ಒಂದು ದಿನ ನೀರು ಬಂದರೂ ಅದರಲ್ಲಿ ಚರಂಡಿಯ ವಾಸನೆ. ಪಕ್ಕದ ಮನೆಯ ಅಜ್ಜಿಯ ಮೊಮ್ಮಗಳು ಆ ನೀರು ಕುಡಿದು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದಳು. ಬದುಕಿ ಬಂದದ್ದೇ ದೊಡ್ಡದು. ಅಜ್ಜಿ ಆಗಲೂ ಭಾವನನ್ನು ಬೈಯಲಿಲ್ಲ. "ನೀನೇನ್ ಮಾಡ್ತೀಯ ಮಗನೇ, ನಿನ್ನ ಮನೆ ಕೊಡಾನೂ ಖಾಲಿನೇ ಅಲ್ವಾ" ಅಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು ಅಂತ ಭಾವ ನನ್ನ ಹತ್ತಿರ ಹೇಳಿಕೊಂಡಿದ್ದರು.

ಅಷ್ಟರಲ್ಲಿ ನಗರಸಭೆಯವರು ಗಡುವು ಕೊಟ್ಟರು. ವರ್ಷದೊಳಗೆ ಸರಿಮಾಡಿ, ಇಲ್ಲದಿದ್ದರೆ ನೀರನ್ನು ಖಾಸಗಿ ಕಂಪನಿಗೆ ವಹಿಸುತ್ತೇವೆ ಅಂದರು. ಎತ್ತರದ ಬೀದಿಗಳಿಗೆ ಪೈಪು ಹಾಕುವುದು ಗಿಟ್ಟುವುದಿಲ್ಲ ಅಂತ ಆ ಕಂಪನಿ ಮೊದಲೇ ಹೇಳಿಬಿಟ್ಟಿತ್ತು. ಭಾವ ಊಟ ನಿದ್ದೆ ಬಿಟ್ಟು ಎಲ್ಲೆಲ್ಲಿಗೋ ಬರೆದರು. ಕೊನೆಗೆ ಒಂದು ದಾರಿ ಕಂಡಿತು. ಲೋಕದ ಸರ್ಕಾರಿ ನೀರು, ಒಳಚರಂಡಿ ಸಂಸ್ಥೆಗಳೆಲ್ಲ ಸೇರಿ ಕಟ್ಟಿಕೊಂಡ ಒಂದು ಕೂಟವಿದೆ. ಒಂದು ಊರಿನ ನೀರಿನವರು ಇನ್ನೊಂದು ಊರಿಗೆ ಹೋಗಿ, ಜೊತೆಗೆ ಮಣ್ಣಿಗಿಳಿದು ಕೆಲಸ ಕಲಿಸುತ್ತಾರೆ, ಲಾಭ ಕೇಳುವುದಿಲ್ಲ. ಆದರೆ ಆ ವರ್ಷ ಅವರ ಕೈಯಲ್ಲಿ ಒಂದೇ ಒಂದು ಊರಿಗೆ ಜಾಗವಿತ್ತು, ಮತ್ತು ನಮ್ಮ ಕಷ್ಟವನ್ನು ಅವರು ಕಣ್ಣಾರೆ ನೋಡಬೇಕಿತ್ತು.

ನೋಡಲು ಹೊರದೇಶದಿಂದ ಇಬ್ಬರು ಬಂದರು, ನೀರಿನ ಕೆಲಸದಲ್ಲೇ ಪಳಗಿದ ಒಬ್ಬ ಹೆಂಗಸು, ಚರಂಡಿ ಕೆಲಸದ ಒಬ್ಬ ಗಂಡಸು. ನಾನು ಶಾಲೆಯಲ್ಲಿ ಅವರ ಭಾಷೆ ಕಲಿಸುವವಳಾದ್ದರಿಂದ ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ದಾಟಿಸುವ ಕೆಲಸ ನನ್ನ ತಲೆಗೆ ಬಿತ್ತು.

ಇನ್ನು ಭಾವನ ಕಚೇರಿಯ ಘನಂದಾರಿ ಪದ್ಧತಿಯೊಂದನ್ನು ಹೇಳಲೇಬೇಕು. ದೊಡ್ಡವರು ಯಾವ ಬೀದಿಗೆ ಬರುತ್ತಾರೋ ಆ ಬೀದಿಗೆ ಊರಿನ ನೀರನ್ನೆಲ್ಲ ತಿರುಗಿಸುವುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ವಾಲ್ವ್ ತಿರುಗಿಸುವವನ ಕೈಗೇ ಅಭ್ಯಾಸವಾಗಿ ಹೋಗಿದೆ. ಈ ಸಲ ಮಾತ್ರ ಹಾಗೆ ಮಾಡಬೇಡ ಅಂತ ಭಾವ ಅವನಿಗೆ ಕೈಮುಗಿದು ಹೇಳಿದ್ದರು. ಅವನು ತಲೆಯಾಡಿಸಿದ. ಸಾಹೇಬರು ಬೇಡ ಅಂದರೆ ಗೊತ್ತಾಗದ ಹಾಗೆ ಮಾಡು ಅಂತ ಅವನು ಅರ್ಥ ಮಾಡಿಕೊಂಡಿದ್ದ. ಇಷ್ಟು ವರ್ಷ ಆ ಮಾತಿಗೆ ಅಲ್ಲಿ ಅದೇ ಅರ್ಥವಿತ್ತು.

ಮಾರುಕಟ್ಟೆ ಬೀದಿಗೆ ಹೋದೆವು. ನಲ್ಲಿ ತಿರುಗಿಸಿದರೆ ಭೋರ್ ಅಂತ ನೀರು. ಶಾಲೆಯ ಬೀದಿಯಲ್ಲೂ ಅದೇ. ಚರಂಡಿಯ ಮುಚ್ಚಳಗಳ ಸುತ್ತ ಹೊಸ ಸುಣ್ಣ. ಭಾವನ ಮುಖ ಬಿಳಿಚಿಕೊಂಡಿತು. "ಇದು ನಿಜ ಅಲ್ಲ ಅಂತ ಹೇಳಮ್ಮ" ಅಂತ ನನ್ನನ್ನು ಬೇಡಿದರು. ಹೇಳಿದೆ. ನಲ್ಲಿ ಎದುರಿಗೇ ಸುರಿಯುತ್ತಿರುವಾಗ ನನ್ನ ಮಾತನ್ನು ಯಾರು ಕೇಳುತ್ತಾರೆ? ಆ ಹೆಂಗಸು ಮೆತ್ತಗೆ ಅಂದರು: "ಇದಕ್ಕಿಂತ ಕೆಟ್ಟ ಸ್ಥಿತಿಯಲ್ಲಿರೋ ಊರುಗಳಿವೆ. ನಿಮ್ಮದು ಪರವಾಗಿಲ್ಲ." ಸಂಜೆಯ ರೈಲಿಗೆ ಅವರು ಹೊರಡುವವರಿದ್ದರು.

ಭಾವ ದಾರಿಗೆ ಅಡ್ಡ ನಿಂತೇಬಿಟ್ಟರು. "ನನ್ನ ಮನೆಗೆ ಬನ್ನಿ. ಹೋದ ವಾರದಿಂದ ಒಂದು ತೊಟ್ಟು ಬಂದಿಲ್ಲ. ಅಷ್ಟು ನೋಡಿ ಹೋಗಿ." ಅಷ್ಟು ದೊಡ್ಡ ಮನುಷ್ಯ ಹಾಗೆ ಅಂಗಲಾಚುವುದನ್ನು ನಾನು ನೋಡಿರಲಿಲ್ಲ. ನನಗೆ ಅಳು ಬಂತು. ಹಿಂದೆ ನಿಂತು ಕೇಳಿಸಿಕೊಂಡ ವಾಲ್ವ್‌ನವನು ಸೈಕಲ್ ಹತ್ತಿದ್ದನ್ನು ನಾವಿಬ್ಬರೂ ಗಮನಿಸಲಿಲ್ಲ.

ಮನೆಯಲ್ಲಿ ಅಕ್ಕ ಖಾಲಿ ಕೊಡಗಳನ್ನು ಸಾಲಾಗಿ ಇಟ್ಟಿದ್ದಳು. "ಈಗ ನೋಡಿ" ಅಂತ ಭಾವ ನಲ್ಲಿ ತಿರುಗಿಸಿದರು. ನಲ್ಲಿ ಒಮ್ಮೆ ಕೆಮ್ಮಿತು, ಆಮೇಲೆ ನೀರು ರಭಸವಾಗಿ ಚಿಮ್ಮಿ ಅತಿಥಿಗಳ ಬೂಟು ತೋಯಿಸಿತು. ಬೀದಿಯ ಕೆಳತುದಿಯ ಮೂಲೆಮನೆ ನಮ್ಮದು, ವಾಲ್ವ್ ಇರುವುದು ಬಾಗಿಲ ಮುಂದೆಯೇ. ಸ್ವಲ್ಪ ತೆರೆದರೆ ನೀರು ನಮ್ಮ ಮನೆಯವರೆಗೆ ಮಾತ್ರ ಹತ್ತುತ್ತದೆ. ಕಿಟಕಿಯಾಚೆ ವಾಲ್ವ್‌ನವನು ಏದುಸಿರು ಬಿಡುತ್ತ, ಸಾಹೇಬರ ಮಾನ ಉಳಿಸಿದೆನೆಂದು ನಗುತ್ತಿದ್ದ.

"ಅಯ್ಯೋ, ನೀರು!" ಅಂತ ಅಕ್ಕ ಕೂಗಿಕೊಂಡಳು. ಆ ಕೂಗು ಸಾಕಾಯಿತು. ಮೊದಲು ಪಕ್ಕದ ಅಜ್ಜಿ ಕೊಡ ಹಿಡಿದು ಒಳಗೆ ನುಗ್ಗಿದರು, ಅವರ ಹಿಂದೆ ಇಡೀ ಬೀದಿ. ಬಕೆಟ್ಟು, ಪಾತ್ರೆ, ಮಕ್ಕಳು ಸ್ನಾನ ಮಾಡುವ ಟಬ್ಬು. ತಳ್ಳಾಟದಲ್ಲಿ ಅತಿಥಿಗಳು ಗೋಡೆಗೆ ಒತ್ತಿಕೊಂಡು ನಿಂತರು. ಆ ಹೆಂಗಸು ಅದನ್ನೆಲ್ಲ ನೋಡಿ ನನ್ನನ್ನು ಕೇಳಿದರು: "ಎಲ್ಲರೂ ಇಲ್ಲಿಗೇ ಯಾಕೆ ಬರ್ತಿದಾರೆ?"

ನಾನು ಭಾವನ ಮುಖ ನೋಡಿದೆ. ಅವರಿಗೆ ಕ್ಷಣದಲ್ಲೇ ಎಲ್ಲವೂ ತಿಳಿದುಹೋಯಿತು, ಈ ಉತ್ತರದಿಂದ ಏನು ಸಿಗುತ್ತದೆ, ಏನು ಹೋಗುತ್ತದೆ ಎಂಬುದೂ.

"ಹೇಳು," ಅಂದರು, ಎಲ್ಲರಿಗೂ ಕೇಳುವಂತೆ. "ಇಡೀ ಬೀದಿಗೆ ನೀರಿಲ್ಲ, ನನ್ನೊಬ್ಬನ ಮನೆಗೆ ಮಾತ್ರ ಬಿಟ್ಟಿದಾರೆ ಅಂತ ಹೇಳು."

ಕೊಡ ತುಂಬಿಕೊಂಡಿದ್ದ ಅಜ್ಜಿ ಭಾವನ ಕಡೆ ತಿರುಗಿದರು. ನಲ್ಲಿ ಸುರಿಯುತ್ತಲೇ ಇತ್ತು. ವಾಲ್ವ್‌ನವನು ಓಡಿಬಂದು, "ಇವತ್ತೇ ಅಜ್ಜಿ, ನಾನೇ ಬಿಟ್ಟಿದ್ದು, ಸಾಹೇಬ್ರಿಗೆ ಗೊತ್ತಿಲ್ಲ" ಅಂತ ಅಂಗಲಾಚಿದ.

"ಇವತ್ತು ಬಿಟ್ಟಿರೋನು ಇಷ್ಟು ದಿನ ಬಿಟ್ಟಿಲ್ಲ ಅಂತ ಹೇಗಪ್ಪಾ ನಂಬ್ಲಿ?" ಅಂದರು ಅಜ್ಜಿ. ತುಂಬಿದ ಕೊಡವನ್ನು ನಮ್ಮ ಹೊಸ್ತಿಲ ಮೇಲೆಯೇ ಬಗ್ಗಿಸಿ ಸುರಿದು, ಖಾಲಿ ಕೊಡ ಎತ್ತಿಕೊಂಡು ಹೋದರು. ನಾನು ಇದನ್ನೆಲ್ಲ ಅತಿಥಿಗಳಿಗೆ ಒಂದು ಮಾತೂ ಬಿಡದೆ ದಾಟಿಸಿದೆ.

ಅವರು ಆ ಸಂಜೆಯ ರೈಲು ಹತ್ತಲಿಲ್ಲ. ಮರುದಿನ ವಾಲ್ವ್‌ಗಳನ್ನು ಮುಟ್ಟಗೊಡದೆ ಊರು ಸುತ್ತಿದರು. ಕೂಟದ ಆ ಒಂದು ಜಾಗ ನಮ್ಮ ಊರಿಗೇ ಸಿಕ್ಕಿತು, ಹೊರಗಿನಿಂದ ನೀರಿನವರು ಬಂದು ನಮ್ಮವರ ಜೊತೆ ಬೀದಿ ಅಗೆದರು. ಹೊಸ ಪೈಪಿನ ಮೊದಲ ಸಂಪರ್ಕವನ್ನು ಭಾವ ಅಜ್ಜಿಯ ಮನೆಗೇ ಕೊಡಿಸಿದರು. ಈಗ ಅಲ್ಲಿ ಹೊತ್ತು ಹೊತ್ತಿಗೂ ನೀರು, ವಾಸನೆಯಿಲ್ಲದ ನೀರು. ಅಜ್ಜಿ ಮಾತ್ರ ಭಾವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಅಜ್ಜಿಯ ನಲ್ಲಿ ಇತ್ತೀಚೆಗೆ ತೊಟ್ಟಿಕ್ಕುತ್ತಿದೆ. ನಡುವೆ ಇರುವುದು ಒಂದೇ ಗೋಡೆ, ಸದ್ದು ನಮ್ಮ ಜಗಲಿಗೆ ಚೆನ್ನಾಗಿ ಕೇಳುತ್ತದೆ. ಭಾವ ಕಚೇರಿಯಿಂದ ಬಂದು ಅಲ್ಲೇ ಕೂರುತ್ತಾರೆ, ಜೇಬಿನಲ್ಲಿರುವ ವಾಷರನ್ನು ಬೆರಳಲ್ಲಿ ತಿರುಗಿಸುತ್ತ. ಏಳುವುದಿಲ್ಲ. ನಾನೂ ಈಗ ರೇಗಿಸುವುದಿಲ್ಲ.